ಮಂಚದ ಕೆಳಗಿನ ಕಿರಾಣಿ ಅಂಗಡಿ

ಈಗ ಈ ವಿಡಿಯೋದಲ್ಲಿ ನಿಮಗೆ ಕಾಣುತ್ತಿರುವುದು ಅಂಗಡಿಯ ಗೋದಾಮಲ್ಲ, ನಾವು ಮಲಗುವ ಮಂಚ. ಹಾಸಿಗೆ ಸುತ್ತಿಟ್ಟು ಹಲಗೆ ಎತ್ತಿದ್ದೇನೆ, ಅಷ್ಟೇ. ಮೈಸೋಪು 34. ಪಾತ್ರೆ ತಿಕ್ಕುವ ಸೋಪು 19. ಟೂತ್‌ಪೇಸ್ಟ್ 11, ಅದರಲ್ಲಿ ಮೂರು ನಮ್ಮ ಮನೆಯಲ್ಲಿ ಯಾರೂ ಬಾಯಿಗೆ ಹಾಕದ ಲವಂಗದ್ದು. ಫಿನಾಯಿಲ್ ಎರಡು ಕ್ಯಾನು. ಆ ಮೂಲೆಯಲ್ಲಿರುವ ನೀಲಿ ಚೀಲದಲ್ಲಿ ಏನಿದೆ ಎಂದು ನನಗೂ ನೆನಪಿರಲಿಲ್ಲ. ಬಿಚ್ಚಿದರೆ, ಒಳಗೆ ಮಡಚಿಟ್ಟ ಇನ್ನೂ ನಲವತ್ತು ಚೀಲಗಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯ ಕೆಳಗೆ ಎಷ್ಟು ತುರುಕಬಹುದು ಎಂಬ ಬಗ್ಗೆ ಮಾತ್ರ ಏನೂ ಹೇಳಿ ಹೋಗಲಿಲ್ಲ.

ನಮ್ಮದು ರಾಯಚೂರು. ತೀನ್ ಕಂದೀಲ್ ವೃತ್ತದಿಂದ ನಡೆದು ಬರಬಹುದಾದ ಒಂದು ಗಲ್ಲಿ, ಮೊದಲ ಮಹಡಿ, ನಮ್ಮ ತಲೆಯ ಮೇಲೆ ಬರಿಯ ಮಾಳಿಗೆ, ಅದರ ಮೇಲೆ ಸೂರ್ಯ. ಎರಡು ಕೋಣೆ, ಒಂದು ಅಡುಗೆಮನೆ, ಎಲ್ಲ ಸೇರಿ 450 ಚದರ ಅಡಿ. ತಿಂಗಳ ಬಾಡಿಗೆ 7,500 ರೂಪಾಯಿ. ಇರುವವರು ನಾನು, ಗಂಡ, ಅತ್ತೆ ಮತ್ತು ಈ ವರ್ಷ ಹತ್ತನೆಯ ತರಗತಿಗೆ ಬಂದಿರುವ ಮಗಳು. ಹೋದ ತಿಂಗಳು ಅವಳು ಓದುವುದಕ್ಕೆ ಒಂದು ಮೇಜು ಬೇಕು ಎಂದಳು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ. ಟೇಪು ಹಿಡಿದು ಮನೆಯೆಲ್ಲ ಅಳೆದೆವು. ಎಂಟು ಚದರ ಅಡಿ ಸಿಗಲಿಲ್ಲ. ಇಂದಿನ ವಿಡಿಯೋ ಹುಟ್ಟಿದ್ದು ಅಲ್ಲಿ.

ಈ ರಾಶಿ ಶುರುವಾದ ದಿನ ನನಗೆ ಚೆನ್ನಾಗಿ ನೆನಪಿದೆ. 2020ರ ಮಾರ್ಚ್ 25, ಲಾಕ್‌ಡೌನಿನ ಮೊದಲ ಬೆಳಗು. ಅಂದು ನಮ್ಮ ಮನೆಯಲ್ಲಿ ಸಕ್ಕರೆ ಮುಗಿದಿತ್ತು. ಮೂರು ದಿನ ಬೆಲ್ಲದ ಚಹಾ ಕುಡಿದೆವು. ಅದೇನು ಉಪವಾಸವಲ್ಲ, ಬೆಲ್ಲದ ಚಹಾ ರುಚಿಯಾಗಿಯೇ ಇರುತ್ತದೆ. ಆದರೆ ಆ ಖಾಲಿ ಡಬ್ಬಿಯ ತಳಕ್ಕೆ ಚಮಚ ತಾಗಿದ ಸದ್ದು ನನ್ನ ಗಂಡನ ಕಿವಿಯಿಂದ ಇಂದಿಗೂ ಹೋಗಿಲ್ಲ. ಅಂದಿನಿಂದ ಅವರು ಯಾವ ಅಂಗಡಿಗೆ ಹೋದರೂ ಒಂದು ಕೇಳಿದರೆ ಮೂರು ತರುತ್ತಾರೆ. ಮೂರು ಕೊಂಡರೆ ಒಂದು ಉಚಿತ ಎಂದು ಬರೆದಿದ್ದರೆ ಎಂಟು.

ಬನ್ನಿ, ಅಟ್ಟ ತೋರಿಸುತ್ತೇನೆ. ಸ್ಟೂಲು ಅಲುಗುತ್ತಿದೆ, ಕ್ಯಾಮೆರಾ ಅಲುಗಿದರೆ ಕ್ಷಮಿಸಿ. ಅಡುಗೆಮನೆಯ ಬಾಗಿಲಿನ ಮೇಲೆ ಕಾಂಕ್ರೀಟಿನ ಈ ಅಟ್ಟವನ್ನು ಮನೆ ಕಟ್ಟಿದವರು ಬಹಳ ಉದಾರವಾಗಿ ಕೊಟ್ಟಿದ್ದಾರೆ. ಸಾಮಾನು ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನಾವೂ ನಂಬಿದ್ದೆವು. ಈ ಮೇ ತಿಂಗಳಲ್ಲಿ ಒಂದು ಥರ್ಮಾಮೀಟರನ್ನು ಮಧ್ಯಾಹ್ನ ಮೂರು ಗಂಟೆಗೆ ಇಲ್ಲಿಟ್ಟು ನೋಡಿದೆ. 46 ಡಿಗ್ರಿ. ಅದನ್ನೇ ಒಳಕೋಣೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ, ಉತ್ತರದ ಗೋಡೆಗೆ ತಾಗಿಸಿ ಇಟ್ಟೆ. 35. ಒಂದೇ ಮನೆ, ಎಂಟು ಅಡಿ ಎತ್ತರದ ಅಂತರ, 11 ಡಿಗ್ರಿ ವ್ಯತ್ಯಾಸ.

ಇದರ ಪರಿಣಾಮ ನೋಡಿ. ಇವು ಮೇಣದಬತ್ತಿಗಳು, ಎಲ್ಲವೂ ಸೊಂಟ ಬಾಗಿಸಿ ನಮಸ್ಕಾರ ಮಾಡುತ್ತಿವೆ. ಈ ಬ್ಯಾಟರಿ ಸೆಲ್‌ಗಳ ಬಾಯಿಯಲ್ಲಿ ಬಿಳಿಯ ಹುಡಿ ಕಟ್ಟಿದೆ, ಒಳಗಿನ ರಸ ಸೋರಿ ಒಣಗಿದ್ದು. ಶೇಂಗಾ ಎಣ್ಣೆಯ ಪಾಕೀಟು ಕತ್ತರಿಸಿದೆ, ಹಳೆಯ ಪೇಂಟಿನಂಥ ವಾಸನೆ ಮೂಗಿಗೆ ಬಡಿಯಿತು. ಎಣ್ಣೆಯನ್ನು ಬೇಗ ಕಮಟಾಗಿಸುವವು ಮೂರು: ಗಾಳಿ, ಬೆಳಕು, ಬಿಸಿ. ಅಟ್ಟದಲ್ಲಿ ಹೆಚ್ಚಿನ ಕೆಲಸವನ್ನು ಬಿಸಿಯೇ ಮಾಡಿತ್ತು. ಪಾಕೀಟಿನ ಮೇಲೆ ಅಚ್ಚಾಗಿರುವ ದಿನಾಂಕ ಇನ್ನೂ ಎರಡು ತಿಂಗಳು ಬಾಕಿ ಇದೆ ಎನ್ನುತ್ತಿತ್ತು. ‘ತಂಪಾದ ಒಣ ಜಾಗದಲ್ಲಿ ಇಡಿ’ ಎಂದು ಅದರ ಪಕ್ಕದಲ್ಲೇ ಬರೆದಿರುತ್ತಾರೆ. ಅದು ಬರಿಯ ಸಲಹೆಯಲ್ಲ, ಆ ದಿನಾಂಕಕ್ಕೆ ಹಾಕಿದ ಕರಾರು. ರಾಯಚೂರಿನಲ್ಲಿ ಒಣ ಜಾಗ ಬೇಕಾದಷ್ಟಿದೆ, ತಂಪು ಎಲ್ಲಿಂದ ತರುವುದು?

ಇನ್ನು ಇದು. ಐದು ಲೀಟರಿನ ಸ್ಯಾನಿಟೈಸರ್ ಕ್ಯಾನು, ಕೊರೋನಾ ಕಾಲದ್ದು. ಬಹುಪಾಲು ಸ್ಪಿರಿಟ್. ಇದನ್ನು ಬೆಂಕಿಪೊಟ್ಟಣದ ಕಟ್ಟಿನ ಪಕ್ಕದಲ್ಲಿ, ಕಾದ ಛಾವಣಿಯ ಕೆಳಗೆ, ಗ್ಯಾಸ್ ಒಲೆಯಿಂದ ಐದಡಿ ದೂರದಲ್ಲಿ ಇಟ್ಟುಕೊಂಡು ನಾವು ಇಷ್ಟು ವರ್ಷ ನೆಮ್ಮದಿಯಿಂದ ಉಂಡು ಮಲಗಿದ್ದೇವೆ. ಇದನ್ನು ಇಳಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಗೆಯೇ, ಬಟ್ಟೆ ಬಿಳುಪಾಗಿಸುವ ಬ್ಲೀಚಿನ ಬಾಟಲಿ ಮತ್ತು ಶೌಚಾಲಯ ತೊಳೆಯುವ ಆಮ್ಲದ ಬಾಟಲಿ ಒಂದೇ ಬುಟ್ಟಿಯಲ್ಲಿದ್ದವು. ಎರಡೂ ಸೋರಿ ಬೆರೆತರೆ ಏಳುವುದು ಕ್ಲೋರಿನ್ ಅನಿಲ. ಈಗ ಒಂದು ಬಚ್ಚಲಲ್ಲಿ, ಇನ್ನೊಂದು ಹೊರಗಿನ ಮೆಟ್ಟಿಲ ಕೆಳಗೆ.

ಈಗ ಲೆಕ್ಕ. ಇದನ್ನು ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಮಾಡಿದೆ, ಅಕ್ಷರ ಕೆಟ್ಟದಾಗಿದೆ, ಹತ್ತಿರದಿಂದ ತೋರಿಸುವುದಿಲ್ಲ. 7,500 ಭಾಗಿಸು 450. ಚದರ ಅಡಿಗೆ ತಿಂಗಳಿಗೆ 16 ರೂಪಾಯಿ ಚಿಲ್ಲರೆ. ನಮ್ಮ ಉಚಿತ ಸಾಮಾನುಗಳು ಹಿಡಿದ ಜಾಗ ಸುಮಾರು 30 ಚದರ ಅಡಿ. ಅಂದರೆ ತಿಂಗಳಿಗೆ 500, ವರ್ಷಕ್ಕೆ 6,000 ರೂಪಾಯಿ ಬಾಡಿಗೆಯನ್ನು ಸೋಪು, ಫಿನಾಯಿಲುಗಳ ಪರವಾಗಿ ನಾವು ಕಟ್ಟುತ್ತಿದ್ದೇವೆ. ಚೀಟಿಗಳನ್ನೆಲ್ಲ ಹುಡುಕಿ ಕೂಡಿಸಿದರೆ ಒಂದು ವರ್ಷದಲ್ಲಿ ರಿಯಾಯಿತಿಯಿಂದ ಉಳಿಸಿದ್ದು 2,200. ಗಂಡನಿಗೆ ತೋರಿಸಿದೆ. ‘ಸೋಪು ಇರಲಿ ಬಿಡಲಿ, ಬಾಡಿಗೆ ಅಷ್ಟೇ ಅಲ್ಲವೇ?’ ಎಂದರು. ಮಾತು ನಿಜ. ಸೋಪು ಖಾಲಿ ಮಾಡಿದರೆ ಮನೆ ಮಾಲೀಕರು 500 ರೂಪಾಯಿ ಬಿಡುವುದಿಲ್ಲ. ಆದರೆ ಮಗಳ ಮೇಜು ಬರುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟನ್ನು ಸರ್ಕಾರ ಕೊಟ್ಟಿತ್ತು. 2025ರ ಆಗಸ್ಟಿನಲ್ಲಿ ಗಂಡ ಹಬ್ಬದ ರಿಯಾಯಿತಿ ಎಂದು ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆಣ್ಣೆ ಎಲ್ಲವನ್ನೂ ಒಂದು ವರ್ಷಕ್ಕಾಗುವಷ್ಟು ಹೊತ್ತು ತಂದರು. ಸೆಪ್ಟೆಂಬರ್ 22ರಿಂದ ಅದೇ ನಾಲ್ಕರ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಗಲ್ಲಿಯ ಎಲ್ಲರೂ ಹೊಸ ದರಕ್ಕೆ ತೊಳೆದುಕೊಳ್ಳುತ್ತಿದ್ದಾರೆ, ನಾವು ಇನ್ನೂ ಹಳೆಯ ತೆರಿಗೆಯಲ್ಲೇ ಸ್ನಾನ ಮಾಡುತ್ತಿದ್ದೇವೆ.

ಇಲ್ಲಿ ಅತ್ತೆಯ ಪ್ರವೇಶ. ಮುಖ ತೋರಿಸಬೇಡ ಎಂದಿದ್ದಾರೆ, ಆದ್ದರಿಂದ ಕೈ ಮಾತ್ರ ಕಾಣುತ್ತದೆ. ಅವರು ಹಸನು ಮಾಡುತ್ತಿರುವುದು ಬಿಳಿಜೋಳ, ಲಿಂಗಸುಗೂರು ಕಡೆಯ ಎರೆಹೊಲದ್ದು. ಹಿಂಗಾರಿಯ ರಾಶಿ ಮುಗಿದ ಮೇಲೆ ಪ್ರತಿ ವರ್ಷ ಊರಿನಿಂದ ಒಂದು ಕ್ವಿಂಟಲ್ ಬರುತ್ತದೆ. ಇದನ್ನೂ ಕಡಿಮೆ ಮಾಡೋಣವೇ ಎಂದು ಕೇಳಿದ್ದಕ್ಕೆ ಅವರು ಮೊರ ಕೆಳಗಿಟ್ಟು ನನ್ನನ್ನು ನೋಡಿದ ನೋಟವನ್ನು ಕ್ಯಾಮೆರಾ ಹಿಡಿದಿಲ್ಲ, ಒಳ್ಳೆಯದೇ ಆಯಿತು. ‘ಸೋಪು ಮುಗಿದರೆ ಅಂಗಡಿಗೆ ಹೋಗು. ಈ ಜೋಳ ಮುಗಿದರೆ ಎಲ್ಲಿಗೆ ಹೋಗುತ್ತೀ?’ ಎಂದರು.

ನಾನು ಅಲ್ಲಿಯವರೆಗೆ ಎಲ್ಲವನ್ನೂ ಒಂದೇ ರಾಶಿ ಎಂದುಕೊಂಡಿದ್ದೆ. ಜೋಳ ವರ್ಷಕ್ಕೆ ಒಮ್ಮೆ ಬರುವ ವಸ್ತು, ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಸೋಪನ್ನು ಮೂಲೆಯ ಅಂಗಡಿಯವರು ನಮಗಾಗಿ ಹಿಡಿದಿಟ್ಟುಕೊಂಡು ಕೂತಿರುತ್ತಾರೆ, ಅವರದೇ ಬಾಡಿಗೆಯಲ್ಲಿ, ರಾತ್ರಿ ಹತ್ತರವರೆಗೆ.

ಅತ್ತೆಯ ತವರಿನಲ್ಲಿ ಹಗೇವು ಇತ್ತಂತೆ. ನೆಲದೊಳಗೆ ಬಾವಿಯ ಹಾಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ತಿರುಗಿ ನೋಡಬೇಕಿಲ್ಲ. ತೆರೆದ ದಿನ ಯಾರೂ ಥಟ್ಟನೆ ಒಳಗೆ ಇಳಿಯುತ್ತಿರಲಿಲ್ಲ. ಬಾಯಿ ತೆರೆದಿಟ್ಟು, ಗಾಳಿಯಾಡಲು ಬಿಟ್ಟು, ಹಗ್ಗ ಕಟ್ಟಿ ಕಂದೀಲು ಇಳಿಸುವುದು. ದೀಪ ಆರಿದರೆ ಇನ್ನೂ ಕಾಯುವುದು. ಒಳಗಿನ ಕಾಳು, ಹುಳು ಎಲ್ಲವೂ ಉಸಿರಾಡಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹುಳು ಸಾಯುವುದೂ ಅದರಿಂದಲೇ, ಅವಸರದಲ್ಲಿ ಇಳಿದ ಮನುಷ್ಯರು ಸತ್ತದ್ದೂ ಅದರಿಂದಲೇ.

ಈ ತಗಡಿನ ಡಬ್ಬ ನಮ್ಮ ಹಗೇವು. ಇಂಥವು ಎರಡಿವೆ, ಒಂದೊಂದಕ್ಕೆ 50 ಕಿಲೋ. ಅತ್ತೆಯ ಕ್ರಮ ಹೀಗೆ. ಮೊದಲು ಮಾಳಿಗೆಯ ಮೇಲೆ ಎರಡು ಬಿಸಿಲು. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟ್ ಎನ್ನಬೇಕು. ಮೆತ್ತಗೆ ಮುರಿದರೆ ಮೂರನೆಯ ಬಿಸಿಲು. ಆಮೇಲೆ ಒಂದು ರಾತ್ರಿ ನೆರಳಿನಲ್ಲಿ ಆರಬೇಕು. ನಾನು ಮೊದಲ ವರ್ಷ ಈ ಒಂದು ರಾತ್ರಿಯನ್ನು ನುಂಗಿಬಿಟ್ಟಿದ್ದೆ. ಬಿಸಿ ಬಿಸಿ ಜೋಳವನ್ನೇ ತುಂಬಿ ಮುಚ್ಚಳ ಹಾಕಿದೆ. ಡಬ್ಬ ಒಳಗೇ ಬೆವರಿತು, ಮೇಲಿನ ಪದರ ಬೂಸ್ಟು ಹಿಡಿಯಿತು. ತುಂಬುವಾಗ ಕುಲುಕಿ ಕುಲುಕಿ ಕಂಠದವರೆಗೆ ತುಂಬಬೇಕು, ಗಾಳಿ ಉಳಿದಷ್ಟೂ ನುಸಿಗೆ ಆಯುಷ್ಯ. ಮುಚ್ಚಳದ ಅಂಚಿಗೆ ಅವರು ಹಿಟ್ಟಿನ ಕಣಕ ಮೆತ್ತುತ್ತಿದ್ದರು, ಅದು ಇಲಿಗೆ ಆಮಂತ್ರಣ ಪತ್ರಿಕೆಯಾಯಿತು, ಈಗ ಅಗಲದ ಟೇಪು. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆಯನ್ನೂ ಹಾಕುತ್ತಾರೆ. ಬೇವು ಸ್ವಲ್ಪ ಕಾಯುತ್ತದೆ, ಮುಚ್ಚಳ ಹೆಚ್ಚು ಕಾಯುತ್ತದೆ ಎಂದು ನನ್ನ ಅಭಿಪ್ರಾಯ. ಅತ್ತೆಗೆ ಇದನ್ನು ಹೇಳಿಲ್ಲ.

ಒಂದು ಡಬ್ಬ ಬಳಕೆಗೆ, ಇನ್ನೊಂದರ ಬಾಯಿಯನ್ನು ಮೊದಲನೆಯದು ತಳ ಕಾಣುವವರೆಗೆ ತೆರೆಯುವುದಿಲ್ಲ. ಗಿರಣಿಗೆ ಒಯ್ಯುವುದು ಎಂಟು ಹತ್ತು ದಿನಕ್ಕೆ ಆಗುವಷ್ಟೇ. ಕಾಳು ವರ್ಷವಿರುತ್ತದೆ, ಹಿಟ್ಟು ಇರುವುದಿಲ್ಲ. ಹಳತಾದ ಹಿಟ್ಟಿನಲ್ಲಿ ಜಿಗುಟು ಹೋಗಿ ರೊಟ್ಟಿ ಬಡಿಯುವಾಗ ಅಂಚು ಎರೆನೆಲದಂತೆ ಬಿರುಕು ಬಿಡುತ್ತದೆ. ತೊಗರಿಬೇಳೆಗೆ ಕಿಲೋಗೆ ಅರ್ಧ ಚಮಚ ಹರಳೆಣ್ಣೆ ಸವರಿ ಇಡುತ್ತೇವೆ. ಉಳ್ಳಾಗಡ್ಡಿ ಬಲೆಯ ಚೀಲದಲ್ಲಿ, ಕಿಟಕಿಯ ಸರಳಿಗೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಗಂಜ್‌ನಿಂದ, ಅಂದರೆ ಧಾನ್ಯದ ಮಾರುಕಟ್ಟೆಯಿಂದ, ಬರುವಾಗ ಒಬ್ಬರು ಕಾಳಿನಲ್ಲಿ ಇಡುವ ಗುಳಿಗೆ ಕೊಡುತ್ತೇನೆ ಎಂದರು, ಒಂದು ಹಾಕಿದರೆ ವರ್ಷವಿಡೀ ಹುಳು ಇಲ್ಲವಂತೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೂ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ದೊಡ್ಡ ಗೋದಾಮುಗಳಲ್ಲಿ ತರಬೇತಾದವರು ಬಳಸುವ ವಸ್ತು ಅದು. ನಾಲ್ಕು ಜನ ಮಲಗುವ ಕೋಣೆಯ ಮೂಲೆಯಲ್ಲಿರುವ ಡಬ್ಬಕ್ಕೆ ಅದನ್ನು ಹಾಕಿದರೆ ಸಾಯುವುದು ಹುಳು ಮಾತ್ರವಲ್ಲ. ಎರಡು ನುಸಿ ಕಂಡರೆ ಕೇರಿ ತೆಗೆಯಿರಿ. ನುಸಿ ಕಾಳನ್ನು ಕೊರೆದು ಒಳಗೇ ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತದೆ. ಇಂದು ಕಂಡ ಹುಳು ಬಹಳ ಸಲ ಹೊಲದಲ್ಲೋ ಗೋದಾಮಿನಲ್ಲೋ ಕಾಳಿನೊಳಗೆ ಹೊಕ್ಕು ನಮ್ಮ ಮನೆಗೆ ಬಂದಿರುತ್ತದೆ. ಹೊಸ ಚೀಲವನ್ನು ಹಳೆಯದರ ಮೇಲೆ ಸುರಿಯಬೇಡಿ ಎಂದು ಅದಕ್ಕೇ ಹೇಳುವುದು.

ಅಕ್ಕಿಗೆ ಇನ್ನೊಂದು ಕೆಟ್ಟ ಗುಣವಿದೆ, ಪಕ್ಕದವರ ವಾಸನೆಯನ್ನು ಹೀರಿಕೊಳ್ಳುತ್ತದೆ. ಹೋದ ಯುಗಾದಿಗೆ ಬಂದ ನೆಂಟರಿಗೆ ಗಂಧದ ಸೋಪಿನ ಪರಿಮಳದ ಅನ್ನ ಬಡಿಸಿದ್ದೆವು. ‘ಯಾವ ಜಾತಿಯ ಅಕ್ಕಿ ಇದು, ಬಹಳ ಘಮಘಮ’ ಎಂದರು ಒಬ್ಬರು. ಸಿಂಧನೂರಿನ ಸೋನಾ ಮಸೂರಿ ಎಂದು ಹೇಳಿ ಸುಮ್ಮನಾದೆ.

ಸರಿ, ಈಗ ಮೂರು ವಾರದ ನಂತರದ ದೃಶ್ಯ. ಅಟ್ಟದಲ್ಲಿ ಉಳಿದದ್ದು ಪಾತ್ರೆ, ಚಾಪೆ, ಹೋಳಿಗೆಯ ದೊಡ್ಡ ಹಂಚು, ಬಿಸಿಗೆ ಹೆದರದವು. ತಿನ್ನುವುದೆಲ್ಲ ಕೆಳಗೆ, ಉತ್ತರದ ಗೋಡೆಗೆ, ಹಲಗೆಯ ಮೇಲೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು. ಮೈಸೋಪಿನಲ್ಲಿ ಹತ್ತು ಇಟ್ಟುಕೊಂಡು ಉಳಿದದ್ದನ್ನು ಓಣಿಯಲ್ಲಿ ಹಂಚಿದೆವು. ಎರಡನ್ನು ಅತ್ತೆ ಸೀರೆಯ ಪೆಟ್ಟಿಗೆಗೆ ಎಂದು ಎತ್ತಿಕೊಂಡರು. ಮಗಳ ಮೇಜು ಇಲ್ಲಿದೆ. ಅದರ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇದೆಯಲ್ಲ, ಅದು ನಿನ್ನೆ ಇರಲಿಲ್ಲ. ಗಂಡನನ್ನು ಇನ್ನೂ ಕೇಳಿಲ್ಲ.

ಕೊನೆಯದಾಗಿ ಅಕ್ಕಿಯ ಡಬ್ಬ. 2019ರಲ್ಲಿ ಕೊಂಡದ್ದು, ಸರಿಯಾಗಿ 25 ಕಿಲೋ ಹಿಡಿಯುತ್ತದೆ, ಆಗಿನ ಚೀಲ ಅಷ್ಟೇ ಇತ್ತು. 2022ರ ಜುಲೈ 18ರಿಂದ 25 ಕಿಲೋವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆಲ್ಲ ಶೇ 5 ಜಿಎಸ್‌ಟಿ ಬಂತು. ಅಂದಿನಿಂದ ವರ್ತಕರು 26 ಕಿಲೋ ಚೀಲ ಹೊಲಿಸಿದರು. ತೆರಿಗೆ ತಪ್ಪಿತು, ಡಬ್ಬ ತುಂಬಿತು, ಒಂದು ಕಿಲೋ ಪ್ರತಿ ಸಲವೂ ಹೊರಗೆ ಉಳಿಯುತ್ತದೆ. ಮನೆಯೆಲ್ಲ ಅಳೆದು, ಮಂಚ ಖಾಲಿ ಮಾಡಿ, ಅಟ್ಟ ಇಳಿಸಿದ ಮೇಲೂ ಆ ಒಂದು ಕಿಲೋಗೆ ಜಾಗ ಸಿಕ್ಕಿಲ್ಲ. ಇಂದು ರಾತ್ರಿ ಚಿತ್ರಾನ್ನ.