ಮಳೆಗಾಲ ದಾಟಿ ಉಳಿಯುವ ತರಕಾರಿ, ಹಣ್ಣು: ಕರಾವಳಿಯ ಹಿತ್ತಿಲಿಗೆ

ಎಲ್ಲರಿಗೂ ನಮಸ್ಕಾರ.

ಒಮ್ಮೆ ನೆಟ್ಟರೆ ಹಲವು ವರ್ಷ ಕೊಯ್ಯಬಹುದಾದ ತರಕಾರಿಗಳು, ಜತೆಗೆ ಸೆಕೆ ನಾಡಿಗೆ ಒಗ್ಗುವ ಎರಡು ಮೂರು ಹಣ್ಣುಗಳು: ಇಷ್ಟೇ ಇವತ್ತಿನ ವಿಷಯ. ಮಾತೆಲ್ಲ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಹಿತ್ತಿಲನ್ನು ಕಣ್ಣ ಮುಂದಿಟ್ಟುಕೊಂಡು. ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಒಣ. ಹಾಗಾಗಿ ಗಿಡ ಸತ್ತರೆ ಎಲ್ಲರೂ ಬೇಸಿಗೆಯನ್ನು ಬೈಯುತ್ತಾರೆ. ಆದರೆ ಹೆಚ್ಚಿನ ಗಿಡಗಳಿಗೆ ಪೆಟ್ಟು ಬೀಳುವುದು ಜುಲೈಯಲ್ಲಿ. ನೀರು ನಿಂತ ಮಣ್ಣಿನಲ್ಲಿ ಗಾಳಿಗೆ ಜಾಗ ಇರುವುದಿಲ್ಲ, ನೀರು ಹೀರುವ ನವಿರು ಬೇರುಗಳು ಉಸಿರು ಕಟ್ಟಿ ಕೊಳೆಯುತ್ತವೆ. ಮೋಡ ಕವಿದಿರುವಷ್ಟು ದಿನ ಎಲೆಯಿಂದ ನೀರು ಆರುವುದು ಕಡಿಮೆ, ಆದ್ದರಿಂದ ಗಿಡ ಹಸಿರಾಗಿಯೇ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಚುರುಕು ಬಿಸಿಲು ಬಿದ್ದೊಡನೆ ಬಾಡುತ್ತದೆ. ಬಾಡಿತೆಂದು ನಾವು ಮತ್ತೆ ನೀರು ಹೊಯ್ಯುತ್ತೇವೆ, ಉಳಿದ ಬೇರೂ ಹೋಗುತ್ತದೆ. ಈ ಒಂದು ಸಂಗತಿ ಸರಿಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಮುರಕಲ್ಲಿನ ನೆಲದಲ್ಲಿ ಎರಡಡಿ ಹೊಂಡ ತೋಡಿ ಗೊಬ್ಬರ ತುಂಬಿ ಗಿಡ ನೆಟ್ಟರೆ ಅದು ಗಿಡವನ್ನು ಬಾನಿಯಲ್ಲಿ ಇಟ್ಟಂತೆ, ನೀರಿಗೆ ಹೊರಗೆ ಹೋಗಲು ದಾರಿಯೇ ಇಲ್ಲ. ಮೊದಲು ಪರೀಕ್ಷೆ ಮಾಡಿ. ಒಂದೂವರೆ ಅಡಿ ಹೊಂಡಕ್ಕೆ ಮಳೆಗಾಲದಲ್ಲಿ ನೀರು ತುಂಬಿಸಿ ಬಿಡಿ. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಹೊಂಡ ಬೇಡ, ದಿಬ್ಬ ಮಾಡಿ: ಬುಡದಲ್ಲಿ ಒಂದು ಮೀಟರ್ ಅಗಲ, ಒಂದೂವರೆ ಅಡಿ ಎತ್ತರ, ಇಳಿಜಾರಿನ ಕಡೆಗೆ ಒಂದು ಕಣಿ. ಮೇಲ್ಮಣ್ಣು ಎರಡು ಪಾಲು, ಹಳೆಯ ಹಟ್ಟಿಗೊಬ್ಬರ ಒಂದು ಪಾಲು ಸಾಕು. ನಮ್ಮ ಮಣ್ಣು ಹುಳಿ, ಆದ್ದರಿಂದ ದಿಬ್ಬಕ್ಕೆ ಕಾಲು ಕಿಲೋದಿಂದ ಅರ್ಧ ಕಿಲೋ ಸುಣ್ಣ ಬೇಕು. ಸುಣ್ಣವನ್ನು ಮೊದಲು ಮಣ್ಣಿಗೆ ಬೆರೆಸಿ, ಎರಡು ವಾರ ಬಿಟ್ಟು ಗೊಬ್ಬರ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಮೂಗಿಗೆ ಘಾಟು ಹೊಡೆಯುವುದು ಅದೇ.

ಸುಡುಮಣ್ಣಿನ ಬಗ್ಗೆ ಕೇಳುವವರಿದ್ದಾರೆ. ತರಗೆಲೆ, ಕಸ, ಮಣ್ಣು ಪದರ ಪದರವಾಗಿ ಪೇರಿಸಿ ನಿಧಾನ ಸುಟ್ಟ ಮಣ್ಣು ತರಕಾರಿಗೆ ಒಳ್ಳೆಯದೇ. ಪೊಟ್ಯಾಷ್ ಸಿಗುತ್ತದೆ, ಹುಳಿ ತಗ್ಗುತ್ತದೆ, ಮಣ್ಣಿನಲ್ಲಿದ್ದು ಬೇರು ಕೆಡಿಸುವ ಜಂತುಹುಳು (ನೆಮಟೋಡ್) ಸಾಯುತ್ತದೆ. ಆದರೆ ಸಾರಜನಕ ಸುಟ್ಟು ಹೋಗಿರುತ್ತದೆ. ಅದು ಹಟ್ಟಿಗೊಬ್ಬರಕ್ಕೆ ಬದಲಿ ಆಗುವುದಿಲ್ಲ, ಜತೆಗೆ ಹಾಕುವಂಥದ್ದು.

ತೊಂಡೆಯಿಂದ ಶುರು ಮಾಡೋಣ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಹೂವಿನ ಹಿಂದೆ ಕಡ್ಡಿಯಷ್ಟು ಸಣ್ಣ ಕಾಯಿ ಕಂಡರೆ ಹೆಣ್ಣು, ಬರೀ ತೊಟ್ಟು ಇದ್ದರೆ ಗಂಡು. ಬೀಜದಿಂದ ಬಂದದ್ದು ಯಾವುದೆಂದು ಹೂ ಬಿಡುವವರೆಗೆ ತಿಳಿಯದು, ಅದಕ್ಕೇ ಬಳ್ಳಿ ತುಂಡು ನೆಡುವುದು. ಊರಿನ ಒಳ್ಳೆಯ ತಳಿಗಳಲ್ಲಿ ಗಂಡು ಬಳ್ಳಿ ಹತ್ತಿರ ಇಲ್ಲದಿದ್ದರೂ ಕಾಯಿ ಕಟ್ಟುತ್ತದೆ. ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗಂಟಿರುವ, ಬಲಿತ ಬಳ್ಳಿಯ ತುಂಡು ತೆಗೆದು ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ನೆಡಿ. ಬುಡ ತುದಿ ತಿರುವುಮುರುವಾಗದಿರಲಿ. ಒಂದು ದಿಬ್ಬಕ್ಕೆ ನಾಲ್ಕು ತುಂಡು, ಚಿಗುರಿದ ಮೇಲೆ ಎರಡು ಉಳಿಸಿದರೆ ಸಾಕು. ಜೂನ್‌ನಲ್ಲಿ ನೆಟ್ಟರೆ ತುಂಡೇ ಕೊಳೆಯುತ್ತದೆ, ಸೆಪ್ಟೆಂಬರ್ ಕೊನೆಗೆ ನೆಡುವುದು ಲೇಸು.

ಚಪ್ಪರ ಆರಡಿ ಎತ್ತರ ಇರಲಿ. ತಗ್ಗು ಚಪ್ಪರದಡಿ ಗಾಳಿಯಾಡದೆ ಎಲೆ ರೋಗ ಹಿಡಿಯುತ್ತದೆ, ಕೊಯ್ಯಲು ಬಗ್ಗಿ ಬಗ್ಗಿ ಬೆನ್ನೂ ಹೋಗುತ್ತದೆ. ಹೂ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಮಳೆ ತಗ್ಗಿದ ಮೇಲೆ ವರ್ಷಕ್ಕೊಮ್ಮೆ ಅಡ್ಡಬಳ್ಳಿಗಳನ್ನೆಲ್ಲ ಕತ್ತರಿಸಿ, ಮುಖ್ಯ ಬಳ್ಳಿ ಮಾತ್ರ ಇಟ್ಟು, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕಬೇಕು. ಇದಕ್ಕೆ ಮನಸ್ಸು ಬಾರದವರ ಚಪ್ಪರದಲ್ಲಿ ಎಲೆ ಇರುತ್ತದೆ, ಕಾಯಿ ಇರುವುದಿಲ್ಲ. ವಾರಕ್ಕೆ ಎರಡು ಸಲ ಕೊಯ್ಯಿರಿ. ಹಣ್ಣಾಗಲು ಬಿಟ್ಟಷ್ಟೂ ಹೊಸ ಕಾಯಿ ಕಡಿಮೆ. ಮೂರು ನಾಲ್ಕು ವರ್ಷಕ್ಕೆ ಬಳ್ಳಿ ಸೊರಗುತ್ತದೆ, ಆಗ ಬೇರೆ ಜಾಗದಲ್ಲಿ ಹೊಸ ತುಂಡು ನೆಡಿ.

ಹಣ್ಣುನೊಣದ ಬಲೆ ಕೊಳ್ಳುವಾಗ ಜಾಗ್ರತೆ. ಮಾವಿಗೆ ಕಟ್ಟುವ ಬಲೆಯಲ್ಲಿ ನೊಣವನ್ನು ಸೆಳೆಯಲು ಮೀಥೈಲ್ ಯೂಜಿನಾಲ್ ಇರುತ್ತದೆ, ತೊಂಡೆ, ಹೀರೆ, ಹಾಗಲಕ್ಕೆ ಬರುವ ನೊಣ ಅದಕ್ಕೆ ಬರುವುದಿಲ್ಲ. ಈ ನೊಣವನ್ನು ಸೆಳೆಯಲು ಕ್ಯೂ ಲ್ಯೂರ್ ಬೇಕು. ಅಂಗಡಿಯಲ್ಲಿ ಹೆಸರು ಹೇಳಿಯೇ ಕೇಳಿ. ಚುಚ್ಚಿದ ಕಾಯಿಯನ್ನು ಬುಡದಲ್ಲಿ ಎಸೆಯಬಾರದು, ಅದರ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ.

ಬಸಳೆಗೆ ದೊಡ್ಡ ವಿದ್ಯೆ ಬೇಡ. ದಂಟು ನೆಟ್ಟರೆ ಬರುತ್ತದೆ. ಮಳೆಗಾಲದಲ್ಲಿ ಎಲೆ ತುಂಬ ಕೆಂಪಂಚಿನ ಚುಕ್ಕೆ ಬಂದರೆ ಚುಕ್ಕೆ ಎಲೆ ಕಿತ್ತು ಸುಡಿ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ (ಮೈಲುತುತ್ತು, ಸುಣ್ಣದ) ದ್ರಾವಣವನ್ನು ತಿನ್ನುವ ಸೊಪ್ಪಿಗೆ ಹೊಡೆಯುವ ಅಭ್ಯಾಸ ಮಾತ್ರ ಬಿಡಿ. ಬಳ್ಳಿ ಗೊಬ್ಬರ ಹಾಕಿದರೂ ಏಳದಿದ್ದರೆ ಬೇರು ಕಿತ್ತು ನೋಡಿ. ಬೇರಿನಲ್ಲಿ ಗಂಟು ಗಂಟು ಇದ್ದರೆ ಜಂತುಹುಳು. ಅಲ್ಲಿ ಇನ್ನು ಬಸಳೆ, ಬದನೆ, ಬೆಂಡೆ ಬೇಡ, ಒಂದು ಬೆಳೆ ಚೆಂಡುಹೂ ಹಾಕಿ. ಹೊಸ ದಿಬ್ಬಕ್ಕೆ ಕಾಲು ಕಿಲೋ ಬೇವಿನ ಹಿಂಡಿ ಬೆರೆಸಿ.

ಈಗ ಬದನೆ. ಬದನೆ ಸ್ವಭಾವತಃ ಹಲವು ವರ್ಷ ಬಾಳುವ ಗಿಡ. ನಮ್ಮಲ್ಲಿ ಅದನ್ನು ಬಾಳಗೊಡದಿರುವುದು ಸೊರಗು ರೋಗ. ಹಸಿರಾಗಿದ್ದ ಗಿಡ ಎಲೆ ಹಳದಿಯಾಗದೆಯೇ ಎರಡು ಮೂರು ದಿನದಲ್ಲಿ ಜೋತು ಬೀಳುತ್ತದೆ. ಬುಡದ ಕಾಂಡವನ್ನು ತುಂಡರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ ಕೆಲಸ. ಶಿಲೀಂಧ್ರನಾಶಕ ಸುರಿದು ಪ್ರಯೋಜನವಿಲ್ಲ. ಒಳ್ಳೆಯ ಉಪಾಯ: ದಾರಿಬದಿಯಲ್ಲಿ ತಾನಾಗಿ ಬೆಳೆಯುವ ಸುಂಡೆ ಗಿಡದ ಮೇಲೆ ಬದನೆಯನ್ನು ಕಸಿ ಕಟ್ಟುವುದು. ಸುಂಡೆಯ ಬೇರು ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ.

ಸುಂಡೆ ಬೀಜ ಮೊಳೆಯಲು ಸೋಮಾರಿ. ಬದನೆಗಿಂತ ಮೂರು ನಾಲ್ಕು ವಾರ ಮೊದಲೇ ಬಿತ್ತಿ. ಎರಡರ ಕಾಂಡವೂ ಸುಮಾರು 3 ಮಿ.ಮೀ. ದಪ್ಪ ಆದಾಗ ಕಸಿಗೆ ಹದ. ಸುಂಡೆಯನ್ನು ಮಣ್ಣಿನಿಂದ ಮೂರು ಬೆರಳು ಮೇಲೆ ಹೊಸ ಬ್ಲೇಡಿನಿಂದ ಅಡ್ಡ ಕತ್ತರಿಸಿ, ನಡುವೆ ಒಂದು ಸೆಂಟಿಮೀಟರ್ ಸೀಳಿ. ಬದನೆಯ ಕುಡಿಯಲ್ಲಿ ಎರಡು ಸಣ್ಣ ಎಲೆ ಉಳಿಸಿ, ಬುಡವನ್ನು ಎರಡೂ ಬದಿಯಿಂದ ಬೆಣೆಯಂತೆ ಚೂಪು ಮಾಡಿ ಸೀಳಿನಲ್ಲಿ ಕೂರಿಸಿ, ಕಸಿ ಕ್ಲಿಪ್ ಹಾಕಿ. ದಪ್ಪ ಸರಿಹೊಂದದಿದ್ದರೆ ಕುಡಿಯನ್ನು ನಡುವಿಗೆ ಇಡಬೇಡಿ, ಒಂದು ಬದಿಯ ಸಿಪ್ಪೆಗೆ ಸಿಪ್ಪೆ ಕೂಡಿಸಿ. ಅಂಟುವುದು ಸಿಪ್ಪೆಯ ಒಳಪದರ, ನಡುತಿರುಳು ಅಂಟುವುದಿಲ್ಲ. ನೆರಳಿನಲ್ಲಿ ಪ್ಲಾಸ್ಟಿಕ್ ಕವಚದೊಳಗೆ ಒಂದು ವಾರ. ಒಳಗೆ ತೇವ ಇರಬೇಕು, ಆದರೆ ಕಸಿಯ ಮೇಲೆ ಹನಿ ಬೀಳಬಾರದು, ಬಿದ್ದರೆ ಕೊಳೆಯುತ್ತದೆ. ಆಮೇಲೆ ದಿನ ದಿನ ಸ್ವಲ್ಪ ಸ್ವಲ್ಪ ತೆರೆಯುತ್ತ ಬನ್ನಿ.

ನೆಡುವಾಗ ಹೆಚ್ಚಿನವರು ಎಡವುವುದು ಇಲ್ಲಿ: ಗಿಡ ಅಲ್ಲಾಡದಿರಲೆಂದು ಮಣ್ಣು ಏರಿಸಿ ಕಸಿಯನ್ನೇ ಮುಚ್ಚುತ್ತಾರೆ. ಆಗ ಬದನೆಯ ಕಾಂಡ ತನ್ನದೇ ಬೇರು ಬಿಡುತ್ತದೆ, ಆ ಬೇರಿನಿಂದ ರೋಗ ಒಳಗೆ ಬರುತ್ತದೆ. ಕಸಿ ಮಣ್ಣಿನಿಂದ ಮೇಲೆಯೇ ಇರಲಿ, ಊರುಗೋಲು ಕೊಡಿ. ಕೆಳಗಿನಿಂದ ಸುಂಡೆಯ ಚಿಗುರು ಬಂದರೆ ಚಿವುಟುತ್ತಲೇ ಇರಿ. ಕಾಯಿ ಸಣ್ಣದಾಗತೊಡಗಿದಾಗ ಒಂದೂವರೆ ಅಡಿ ಬಿಟ್ಟು ಕತ್ತರಿಸಿದರೆ ಹೊಸ ಗೆಲ್ಲು ಬರುತ್ತದೆ. ಜೋತ ಕುಡಿ ಕಂಡರೆ ಒಳಗೆ ಕುಡಿಕೊರಕ ಇದೆ, ಒಂದಿಂಚು ಕೆಳಗಿಂದ ಕತ್ತರಿಸಿ ಸುಡಿ. ಉಡುಪಿಯ ಮಟ್ಟು ಊರಿನ ಬದನೆಯಾದ ಮಟ್ಟುಗುಳ್ಳವನ್ನೂ ಹೀಗೆ ಕಸಿ ಕಟ್ಟಬಹುದು. ಆದರೆ ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆಡೆ ಬೆಳೆದದ್ದನ್ನು ಆ ಹೆಸರಲ್ಲಿ ಮಾರಬೇಡಿ.

ಚಕ್ರಮುನಿ ಸೊಪ್ಪು ಅರೆನೆರಳಿಗೂ ಬರುತ್ತದೆ, ಬೇಲಿಯಾಗಿಯೂ ಆಗುತ್ತದೆ. ಒಂದಡಿಯ ಬಲಿತ ಕಡ್ಡಿ ನೆಟ್ಟು, ಮೂರಡಿಗಿಂತ ಮೇಲೆ ಹೋಗದಂತೆ ಕತ್ತರಿಸುತ್ತಿದ್ದರೆ ಎಳೆ ಎಲೆ ಸಿಗುತ್ತಲೇ ಇರುತ್ತದೆ. ಇದನ್ನು ‘ವಿಟಮಿನ್ ಸೊಪ್ಪು’ ಎಂದು ಹಸಿಯಾಗಿ ರಸ ಮಾಡಿ ಕುಡಿಯುವವರಿಗೆ ಒಂದು ಮಾತು. 1990ರ ದಶಕದ ನಡುವೆ ತೈವಾನಿನಲ್ಲಿ ತೂಕ ಇಳಿಸಲೆಂದು ಹಸಿ ರಸವನ್ನು ದಿನವೂ ಕುಡಿದ ಹಲವರ ಶ್ವಾಸನಾಳಗಳು ಗುಣವಾಗದಂತೆ ಹಾಳಾದವು. ಬೇಯಿಸಿ, ಪಲ್ಯ ತಂಬುಳಿಗೆ ಬೇಕಾದಷ್ಟೇ ಬಳಸಿ.

ನುಗ್ಗೆಯ ವಿಷಯದಲ್ಲಿ ಆಸೆ ಕಡಿಮೆ ಇರಲಿ. ಅದು ಒಣನಾಡಿನ ಮರ. ದರೆಯ ಮೇಲಂಚಿನಲ್ಲಿ ನೆಟ್ಟರೆ ಸೊಪ್ಪಿಗಂತೂ ಅಡ್ಡಿಯಿಲ್ಲ. ಮಳೆಗಾಲದಲ್ಲಿ ಕಾಂಡದ ಮೇಲೆ ಗುಂಪು ಕೂರುವ ಕಂಬಳಿಹುಳವನ್ನು ಹಗಲಿನಲ್ಲೇ ನಾಶ ಮಾಡಿ, ರಾತ್ರಿ ಅವು ಎಲೆಗೆ ಚದರುತ್ತವೆ.

ಜೀಗುಜ್ಜೆ ಹಣ್ಣಿನ ಮರವಾದರೂ ನಮಗದು ತರಕಾರಿಯೇ. ಬೀಜವಿಲ್ಲ, ಬೇರಿನಿಂದಲೇ ಸಸಿ. 1789ರಲ್ಲಿ ಬ್ಲೈ ಎಂಬ ಕಪ್ತಾನ ತಾಹಿತಿಯಿಂದ ಸಾವಿರಕ್ಕೂ ಹೆಚ್ಚು ಜೀಗುಜ್ಜೆ ಸಸಿಗಳನ್ನು ಹಡಗಿನಲ್ಲಿ ತುಂಬಿಕೊಂಡು ಹೊರಟಾಗ ನಾವಿಕರು ದಂಗೆಯೆದ್ದು ಅವನನ್ನು ದೋಣಿಯಲ್ಲಿ ಇಳಿಸಿಬಿಟ್ಟರು. ಬೀಜವಿದ್ದಿದ್ದರೆ ಒಂದು ಚೀಲ ಸಾಕಿತ್ತು! ಮೇಲುಮೇಲೆ ಹರಿದಿರುವ, ಹೆಬ್ಬೆರಳು ದಪ್ಪದ ಬೇರನ್ನು ಒಂದು ಗೇಣು ಉದ್ದಕ್ಕೆ ತುಂಡು ಮಾಡಿ, ಹೊಯಿಗೆಯಲ್ಲಿ ಅಡ್ಡ ಮಲಗಿಸಿ ಎರಡಿಂಚು ಮುಚ್ಚಿ, ನೆರಳಿನಲ್ಲಿ ತೇವ ಆರದಂತೆ ನೋಡಿಕೊಳ್ಳಿ. ಚಿಗುರಲು ಎರಡು ಮೂರು ತಿಂಗಳೂ ಹಿಡಿಯಬಹುದು, ಕೆದಕಿ ನೋಡುತ್ತ ಕೂರಬೇಡಿ. ಗೆಲ್ಲು ಮುರುಕಲು, ಹಾಗಾಗಿ ಹಂಚಿನ ಮಾಡಿಗೆ ದೂರ ಇರಲಿ.

ರಂಬುಟಾನ್ ಬೀಜದಿಂದ ಬೆಳೆಸಬೇಡಿ, ಗಂಡು ಮರಗಳೇ ಬಹಳ ಬರುತ್ತವೆ. ಕಣ್ಣುಕಸಿ ಸಸಿ ತನ್ನಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ ಅರ್ಕಾ ಕೂರ್ಗ್ ಅರುಣ್ ಕೆಂಪು, ಅರ್ಕಾ ಕೂರ್ಗ್ ಪತಿಬ್ ಹಳದಿ. ಮರದಿಂದ ಮರಕ್ಕೆ 30 ಅಡಿಯಾದರೂ ಬಿಡಿ. ಹಣ್ಣು ಬರುವುದು ಗೆಲ್ಲಿನ ತುದಿಯಲ್ಲಿ. ಕೊಯ್ಲಾದೊಡನೆ ಹಣ್ಣು ಬಿಟ್ಟ ತುದಿಯನ್ನು ಒಂದು ಗೇಣು ಕತ್ತರಿಸಿದರೆ ಮುಂದಿನ ವರ್ಷಕ್ಕೆ ಹೊಸ ತುದಿಗಳು ಸಿಗುತ್ತವೆ. ಹಳೆಯ ಎಲೆಯ ಅಂಚು ಸುಟ್ಟಂತೆ ಒಣಗಿದರೆ ನೀರಿನ ಕೊರತೆಯೂ ಇರಬಹುದು, ಪೊಟ್ಯಾಷ್ ಕೊರತೆಯೂ ಇರಬಹುದು. ಮಳೆ ನಮ್ಮ ಮಣ್ಣಿನ ಪೊಟ್ಯಾಷನ್ನು ತೊಳೆದೊಯ್ಯುತ್ತದೆ, ಆದ್ದರಿಂದ ಒಮ್ಮೆಲೇ ಹಾಕದೆ ಮೇ ಮತ್ತು ಸೆಪ್ಟೆಂಬರಿನಲ್ಲಿ ಹಂಚಿ ಹಾಕಿ. ಕಿತ್ತ ಮೇಲೆ ಈ ಹಣ್ಣು ಮಾಗುವುದಿಲ್ಲ, ಮರದಲ್ಲೇ ಬಣ್ಣ ತುಂಬಬೇಕು. ಅಷ್ಟರಲ್ಲಿ ಬಾವಲಿಗಳು ಬರುತ್ತವೆ, ಬಲೆ ಅನಿವಾರ್ಯ.

ಮ್ಯಾಂಗೋಸ್ಟೀನ್ ನಮ್ಮ ಪುನರ್ಪುಳಿಯ ಬಳಗದ್ದು. ಬೀಜದಿಂದ ಬಂದರೂ ತಾಯಿಯಂತೆಯೇ ಇರುತ್ತದೆ, ಏಕೆಂದರೆ ಬೀಜ ಪರಾಗದ ಹಂಗಿಲ್ಲದೆ ಹುಟ್ಟುತ್ತದೆ. ಆದರೆ ಬೀಜ ಒಣಗಿದರೆ ಸತ್ತಂತೆ, ಹಣ್ಣು ತಿಂದ ದಿನವೇ ತಿರುಳು ತೊಳೆದು ಬಿತ್ತಬೇಕು. ಫಲಕ್ಕೆ ಏಳೆಂಟು ವರ್ಷ ಕಾಯಬೇಕು. ಮೊದಲ ಮೂರು ವರ್ಷ ಅರೆನೆರಳು ಬೇಕೇ ಬೇಕು, ಅಡಿಕೆ ತೋಟದ ಅಂಚು ಇದಕ್ಕೆ ಹೇಳಿ ಮಾಡಿಸಿದ ಜಾಗ. ಇದರ ತಾಯಿಬೇರು ಉದ್ದ, ನವಿರು ಬೇರು ಕಡಿಮೆ, ಗಾಯವನ್ನು ಸಹಿಸುವುದಿಲ್ಲ. ಸಸಿ ಕೊಳ್ಳುವಾಗ ಎಲೆಯ ಹೊಳಪಿಗಿಂತ ಪ್ಲಾಸ್ಟಿಕ್ ತೊಟ್ಟೆಯ ಅಡಿ ನೋಡಿ: ತೊಟ್ಟೆ ಗಿಡ್ಡವಾಗಿದ್ದು ಬೇರು ತಳದಲ್ಲಿ ಸುತ್ತಿಕೊಂಡಿದ್ದರೆ ಅದು ಎಷ್ಟು ಅಗ್ಗವಾದರೂ ಬೇಡ.