ಲಿನಕ್ಸಿನಲ್ಲಿ ಫೋನನ್ನು ಮೌಂಟ್ ಮಾಡುವ ಬಗೆ

ಕೇಳುಗರಿಗೆ ನಮಸ್ಕಾರ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿ, ಅದರೊಳಗಿನ ಫೋಟೊ, ಹಾಡು, ಪಿಡಿಎಫ್‌ಗಳನ್ನು ಮಾಮೂಲಿ ಫೋಲ್ಡರಿನಂತೆ ತೆರೆಯುವುದು, ಅಂದರೆ ಮೌಂಟ್ ಮಾಡುವುದು ಹೇಗೆ ಅನ್ನುವುದು ಇವತ್ತಿನ ವಿಷಯ.

ಹಳೆಯ ಆಂಡ್ರಾಯ್ಡ್ ಫೋನುಗಳು ಥೇಟು ಪೆನ್‌ಡ್ರೈವೇ. ಮೆಮೊರಿ ಕಾರ್ಡನ್ನು ಇಡಿಯಾಗಿ ಕಂಪ್ಯೂಟರಿಗೆ ಒಪ್ಪಿಸಿಬಿಡುತ್ತಿದ್ದವು. ಅಷ್ಟು ಹೊತ್ತೂ ಫೋನಿಗೆ ತನ್ನ ಕಾರ್ಡೇ ಸಿಗದು. ಕಾರ್ಡಿನಲ್ಲಿದ್ದ ಆಪ್‌ಗಳು ನಿಂತುಹೋಗುತ್ತಿದ್ದವು. ಒಂದೇ ಡಿಸ್ಕಿಗೆ ಎರಡು ಯಂತ್ರ ಒಟ್ಟಿಗೆ ಬರೆದರೆ ಅದರ ಲೆಕ್ಕವೆಲ್ಲ ಕೆಡುತ್ತದಲ್ಲ, ಅದಕ್ಕೆ. 2011ರಲ್ಲಿ ಬಂದ ಆಂಡ್ರಾಯ್ಡ್ 3 ಮತ್ತು 4ರ ಹೊತ್ತಿಗೆ ಎಂಟಿಪಿ ಕಾಲಿಟ್ಟಿತು. ಮೀಡಿಯಾ ಟ್ರಾನ್ಸ್‌ಫರ್ ಪ್ರೊಟೊಕಾಲ್ ಎಂಬುದರ ಚುಟುಕು ಹೆಸರು ಇದು; ಮೈಕ್ರೋಸಾಫ್ಟಿನವರು ಮ್ಯೂಸಿಕ್ ಪ್ಲೇಯರುಗಳಿಗೆಂದು ಮಾಡಿದ ಫೈಲ್ ವರ್ಗಾವಣೆಯ ಪದ್ಧತಿ. ಇದರಲ್ಲಿ ಡಿಸ್ಕು ಫೋನಿನ ಕೈಯಲ್ಲೇ ಉಳಿಯುತ್ತದೆ. ಗ್ರಂಥಾಲಯದ ಕೌಂಟರಿನಲ್ಲಿ ಚೀಟಿ ಕೊಟ್ಟು ಪುಸ್ತಕ ತರಿಸಿಕೊಂಡ ಹಾಗೆ, ಕಂಪ್ಯೂಟರು ಪ್ರತಿ ಫೈಲಿನ ನಂಬರು ಹೇಳಿ ಕೇಳಬೇಕು. ಈ ಕೊಡು-ಕೊಳ್ಳುವಿಕೆಯನ್ನು ಫೋಲ್ಡರಿನ ವೇಷದಲ್ಲಿ ನಮಗೆ ತೋರಿಸುವುದು ಫ್ಯೂಸ್ ಎಂಬ ವ್ಯವಸ್ಥೆ. 2005ರಿಂದ ಅದು ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲೇ ಇದೆ.

ಉಬುಂಟು, ಡೆಬಿಯನ್ ಬಗೆಯ ಲಿನಕ್ಸ್ ಇದ್ದವರು, ಫ್ಯೂಸ್ ಬಳಸಿ ಎಂಟಿಪಿ ಫೋನನ್ನು ಫೋಲ್ಡರಾಗಿ ತೋರಿಸುವ ‘ಜೆ ಎಂ ಟಿ ಪಿ ಎಫ್ ಎಸ್’ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಎಲ್ಲ ಇಂಗ್ಲಿಷ್ ಸಣ್ಣಕ್ಷರ, ನಡುವೆ ಜಾಗ ಬೇಡ. ನಿಮ್ಮ ಹೋಮ್ ಫೋಲ್ಡರಿನಲ್ಲಿ ‘ಫೋನ್’ ಅಂತ ಒಂದು ಖಾಲಿ ಫೋಲ್ಡರ್ ಮಾಡಿ. ಕೇಬಲ್ ಚುಚ್ಚಿ, ಫೋನಿನ ಲಾಕ್ ತೆಗೆದು, ಮೇಲಿಂದ ಎಳೆದಾಗ ಕಾಣುವ ಯುಎಸ್‌ಬಿ ಸೂಚನೆಯಲ್ಲಿ ಚಾರ್ಜಿಂಗ್ ಬಿಟ್ಟು ಫೈಲ್ ವರ್ಗಾವಣೆ ಆರಿಸಿ. ಆಜ್ಞೆ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ಆ ಪ್ಯಾಕೇಜಿನ ಹೆಸರು, ಒಂದು ಜಾಗ, ನಿಮ್ಮ ಫೋಲ್ಡರಿನ ಹೆಸರು ಬರೆದು ಎಂಟರ್ ಒತ್ತಿದರೆ ಆಯಿತು. ಬಿಚ್ಚುವಾಗ ‘ಫ್ಯೂಸರ್‌ಮೌಂಟ್’, ಮೈನಸ್ ಯು, ಮತ್ತೆ ಅದೇ ಫೋಲ್ಡರಿನ ಹೆಸರು. ಆಡಳಿತಗಾರರ ಅಧಿಕಾರದಲ್ಲಿ ಆಜ್ಞೆ ನಡೆಸುವ ‘ಸೂಡೊ’ ಬೇಡ. ಸೂಡೊ ಹಾಕಿ ಮೌಂಟ್ ಮಾಡಿದರೆ ಆ ಫೋಲ್ಡರ್ ರೂಟ್ ಎಂಬ ಆಡಳಿತಗಾರ ಖಾತೆಯ ಪಾಲಾಗಿ, ನಿಮಗೇ ಬಾಗಿಲು ಮುಚ್ಚುತ್ತದೆ.

ಏನೂ ಕಾಣದಿದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದೇ ಇಲ್ಲ. ಫೋನಿನ ಹೆಸರು ಬಂದು ಒಳಗೆಲ್ಲ ಖಾಲಿಯಿದ್ದರೆ ಸ್ಕ್ರೀನ್ ಲಾಕ್ ಆಗಿದೆ ಎಂದು ತಿಳಿಯಿರಿ. ‘ಡಿವೈಸ್ ಬ್ಯುಸಿ’ ಅಂದರೆ, ನೀವು ಕೇಳುವ ಮೊದಲೇ ಡೆಸ್ಕ್‌ಟಾಪಿನ ಫೈಲ್ ಮ್ಯಾನೇಜರ್ ಫೋನನ್ನು ಹಿಡಿದುಕೊಂಡು ಕೂತಿದೆ. ಒಂದು ಸಲಕ್ಕೆ ಒಬ್ಬರಿಗೇ ಅವಕಾಶ. ಅಲ್ಲಿ ಎಜೆಕ್ಟ್ ಒತ್ತಿ, ಮತ್ತೆ ಪ್ರಯತ್ನಿಸಿ. ಇನ್ನು ಕ್ಯಾಮೆರಾ ಫೋಲ್ಡರಿನಲ್ಲಿ ಸಾವಿರಾರು ಚಿತ್ರಗಳಿದ್ದರೆ ಪಟ್ಟಿ ಬರುವುದೇ ತಡ. ಒಂದೊಂದರ ವಿವರವನ್ನೂ ಬಿಡಿಬಿಡಿಯಾಗಿ ಕೇಳಬೇಕಲ್ಲ! ಕೈಕೊಟ್ಟಿತೆಂದು ಕೇಬಲ್ ಕೀಳಬೇಡಿ.

ಮುಖ್ಯವಾದ ಮಾತು ಇದು: ಮೌಂಟ್ ಆದ ಫೈಲನ್ನು ಅಲ್ಲೇ ತೆರೆದು ತಿದ್ದಬೇಡಿ. ಮೂಲ ಎಂಟಿಪಿಯಲ್ಲಿ ಫೈಲಿನ ನಡುವೆ ನಾಲ್ಕಕ್ಷರ ಬದಲಿಸುವ ಸೌಲಭ್ಯವೇ ಇಲ್ಲ. ನಾವು ಹಾಕಿಕೊಂಡ ಪ್ಯಾಕೇಜು ಇಡೀ ಫೈಲನ್ನು ತಾತ್ಕಾಲಿಕ ಜಾಗಕ್ಕೆ ಇಳಿಸಿ, ನೀವು ಸೇವ್ ಮಾಡಿದ ಮೇಲೆ ಇಡಿಯಾಗಿ ವಾಪಸ್ ಕಳಿಸುತ್ತದೆ. ಆ ಹೊತ್ತಿನಲ್ಲಿ ಕೇಬಲ್ ಅಲುಗಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಎರಡು ಜಿಬಿ ಸಿನಿಮಾ ಅಲ್ಲಿಂದಲೇ ನೋಡಲು ಹೊರಟರೆ ಮೊದಲು ಸುಮ್ಮನೆ ಕಾಯುವುದೂ ಇದರಿಂದಲೇ. ಕಾಪಿ ಮಾಡಿಕೊಳ್ಳಿ, ತಿದ್ದಿ, ಮತ್ತೆ ಹಾಕಿ. ಬ್ಯಾಕಪ್‌ಗೆ ‘ಆರ್‌ಸಿಂಕ್’ ಎಂಬ ಕಾಪಿ ಮಾಡುವ ಪ್ರೋಗ್ರಾಮ್ ಬಳಸುವವರು, ಫೈಲುಗಳ ಗಾತ್ರವನ್ನಷ್ಟೇ ಹೋಲಿಸುವ ‘ಸೈಜ್ ಓನ್ಲಿ’ ಆಯ್ಕೆ ಸೇರಿಸಿ. ಎಂಟಿಪಿಯಲ್ಲಿ ತಾರೀಖನ್ನು ನಂಬುವಂತಿಲ್ಲ. ಅದನ್ನೇ ನೋಡಿ ಹೋಲಿಸಿದರೆ ಪ್ರತಿ ಸಲವೂ ಎಲ್ಲವೂ ಮತ್ತೆ ಕಾಪಿಯಾದೀತು.

ದಿನಾ ಇದೇ ಕೆಲಸ ಇರುವವರಿಗೆ ಕೇಬಲ್ಲಿಗಿಂತ ವೈಫೈ ಮೇಲೆ ‘ಎಸ್‌ಎಸ್‌ಎಚ್‌ಎಫ್‌ಎಸ್’ ಎಷ್ಟೋ ವಾಸಿ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಇನ್ನೊಂದು ಯಂತ್ರದ ಫೋಲ್ಡರನ್ನು ಮೌಂಟ್ ಮಾಡುವ ಪ್ರೋಗ್ರಾಮ್ ಅದು. ಫೋನಿನಲ್ಲಿ ಟರ್ಮಕ್ಸ್ ಎಂಬ ಟರ್ಮಿನಲ್ ಆಪ್ ಹಾಕಿ, ಸ್ಟೋರೇಜ್ ಅನುಮತಿ ಕೊಟ್ಟು, ಅದರಲ್ಲಿ ಓಪನ್ ಎಸ್‌ಎಸ್‌ಎಚ್ ಇನ್‌ಸ್ಟಾಲ್ ಮಾಡಿ ಸರ್ವರ್ ಶುರು ಮಾಡಿ. ಸಂಪರ್ಕಕ್ಕೆ ಕೊಡಬೇಕಾದ ಪೋರ್ಟ್ ನಂಬರ್ ಎಸ್‌ಎಸ್‌ಎಚ್‌ನ ಮಾಮೂಲಿ 22 ಅಲ್ಲ, 8022. ಇಲ್ಲಿ ಫೈಲಿನ ನಡುವೆ ಬರೆಯುವುದಕ್ಕೂ ಅಡ್ಡಿಯಿಲ್ಲ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ವಿಷಯ. ಲಿನಕ್ಸಿನಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಕನ್ನಡದ ವ್ಯಂಜನ, ಸ್ವರಚಿಹ್ನೆ, ವಿರಾಮದ ಗುರುತು ಹೀಗೆ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ, ಅಂದರೆ 18 ಬೈಟ್. ಮದುವೆ ಕರೆಯೋಲೆಯ ಇಡೀ ಒಕ್ಕಣೆಯನ್ನೇ ಪಿಡಿಎಫ್‌ನ ಹೆಸರಾಗಿ ಇಟ್ಟಿದ್ದರೆ, ಕಾಪಿ ಮಾಡುವ ಮೊದಲು ಅದನ್ನು ಮೊಟಕು ಮಾಡಿ.