ಮಂತ್ರದ ಗೆರೆಗಳಿಗೆ ಊರು ಯಾವುದು?

ನಮಸ್ಕಾರ ಕೇಳುಗರೇ.

ಇವತ್ತು ಮಾಯಾಲೋಕದ ಕಾದಂಬರಿಗಳಲ್ಲಿ ಬರುವ ಗುರುತುಗಳ ಬಗ್ಗೆ ಮಾತಾಡೋಣ. ತ್ರಿಕೋನದೊಳಗೆ ಒಂದು ವೃತ್ತ, ತನ್ನ ಬಾಲ ತಾನೇ ಕಚ್ಚಿದ ಹಾವು, ಐದು ಮೂಲೆಯ ನಕ್ಷತ್ರ, ಕಲ್ಲಿನ ಮೇಲೆ ಕೊರೆದ ಚೂಪು ಚೂಪು ಅಕ್ಷರಗಳು. ಕಾರವಾರ, ಕುಮಟಾ, ಶಿರಸಿ ಎಲ್ಲೇ ನೋಡಿ, ಕಾಲೇಜು ಹುಡುಗರ ಟೀ ಶರ್ಟಿನ ಮೇಲೂ ಮೊಬೈಲ್ ಕವರಿನ ಮೇಲೂ ಇವು ಕಾಣುತ್ತವೆ. ಇವನ್ನೆಲ್ಲ ಬರೆದವರೇ ಕೂತು ಕಲ್ಪಿಸಿದ್ದಾ, ಇಲ್ಲಾ ನಿಜವಾಗಿ ಯಾರಾದರೂ ಬಳಸುತ್ತಿದ್ದರಾ?

ಬಹುಪಾಲು ಗುರುತುಗಳನ್ನು ಬಳಸುತ್ತಿದ್ದರು. ಆದರೆ ಬಳಸಿದವರು ಯಾರು ಅಂತ ಹುಡುಕುತ್ತಾ ಹೋದರೆ ಅಲ್ಲಿ ಮಾಂತ್ರಿಕರು ಕಡಿಮೆ. ಮೀನು ವ್ಯಾಪಾರಿಗಳು, ಜ್ವರದಲ್ಲಿ ನಡುಗುತ್ತಿದ್ದವರು, ಕೊಟ್ಟಿಗೆಯ ದನಕ್ಕೆ ಏನೂ ಆಗದಿರಲಿ ಅಂದುಕೊಂಡವರು ಜಾಸ್ತಿ. ನನಗೆ ಈ ವಿಷಯ ಇಷ್ಟೊಂದು ಹಿಡಿಸಿದ್ದೇ ಅದಕ್ಕೆ.

ಆ ಚೂಪು ಅಕ್ಷರಗಳನ್ನೇ ಮೊದಲು ನೋಡೋಣ. 1937ರಲ್ಲಿ ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ 'ದಿ ಹಾಬಿಟ್' ಕಾದಂಬರಿ ಬಂತು. ಅದರಲ್ಲಿ ಒಂದು ನಕ್ಷೆ ಇದೆ, ನಕ್ಷೆಯ ಮೇಲೆ ಕುಳ್ಳರ ಗುಪ್ತ ಬರಹ. ಟೋಲ್ಕಿನ್ ಆಗ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುವ ಪ್ರಾಧ್ಯಾಪಕರು. ಸಾವಿರ ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಚಾಲ್ತಿಯಲ್ಲಿದ್ದ ರೂನ್ ಎಂಬ ಲಿಪಿಯನ್ನೇ ಅವರು ಸ್ವಲ್ಪ ಹೊಂದಿಸಿಕೊಂಡು ಅಲ್ಲಿ ಬಳಸಿದರು. ಅಕ್ಷರಮಾಲೆ ಗೊತ್ತಿದ್ದರೆ ಯಾರು ಬೇಕಾದರೂ ಅದನ್ನು ಓದಬಹುದು, ಒಳಗಿರುವುದು ಸಾದಾ ಇಂಗ್ಲಿಷ್. ತಮ್ಮದೇ ಬೇರೆ ಲಿಪಿಯನ್ನು ಅವರು ಪುಸ್ತಕಕ್ಕೆ ತಂದದ್ದು ಆಮೇಲೆ.

ರೂನ್ ಅಕ್ಷರದಲ್ಲಿ ಒಂದು ಗುಂಡಗಿನ ಗೆರೆ ಸಿಗುವುದು ಕಷ್ಟ. ಕಾರಣ ಮರ. ಚಾಕು ಹಿಡಿದು ಮರದ ಮೇಲೆ ಕೊರೆಯುವವನಿಗೆ ಸುತ್ತು ತಿರುಗಿಸುವುದು ತ್ರಾಸು, ನಾರಿನ ಉದ್ದಕ್ಕೆ ಎಳೆದ ಗೆರೆಯಂತೂ ಸರಿಯಾಗಿ ಕಾಣುವುದೇ ಇಲ್ಲ. ಹಾಗಾಗಿ ನಿಂತ ಗೆರೆ, ಓರೆ ಗೆರೆ, ಅಷ್ಟೇ. ಸಿನಿಮಾದಲ್ಲಿ ನೋಡಿದಾಗ ನಿಗೂಢ ಅನಿಸುವ ಆ ರೂಪ ಬಂದದ್ದು ಒಂದು ಚಾಕು ಮತ್ತು ಒಂದು ಮರದ ತುಂಡಿನಿಂದ.

ನಾರ್ವೆ ದೇಶದಲ್ಲಿ ಬರ್ಗೆನ್ ಅಂತ ಒಂದು ಬಂದರು ಊರಿದೆ. ಒಣಮೀನಿನ ವ್ಯಾಪಾರದಿಂದಲೇ ಬೆಳೆದ ಊರು. 1955ರಲ್ಲಿ ಅಲ್ಲಿನ ಹಳೆಯ ಬಂದರು ಕೇರಿಗೆ ಬೆಂಕಿ ಬಿತ್ತು. ಸುಟ್ಟ ಜಾಗವನ್ನು ಅಗೆಯುತ್ತಾ ಹೋದಾಗ ಸುಮಾರು 670 ರೂನ್ ಬರಹಗಳು ಸಿಕ್ಕವು. ಹೆಚ್ಚಿನವು ಸಣ್ಣ ಸಣ್ಣ ಮರದ ಕಡ್ಡಿಗಳು. ಅವುಗಳಲ್ಲಿ ಬಹಳಷ್ಟು ಏನು ಗೊತ್ತೇ? ಮೂಟೆಗೆ ಕಟ್ಟುವ ಹೆಸರಿನ ಚೀಟಿಗಳು. ಈ ಮಾಲು ಇಂಥವನದು, ಅಷ್ಟೇ. ಒಂದು ಕಡ್ಡಿಯಲ್ಲಿ ಗ್ಯೂಡಾ ಎಂಬ ಹೆಂಗಸು ಗಂಡಸೊಬ್ಬನಿಗೆ 'ಮನೆಗೆ ಬಾ' ಅಂತ ಹೇಳಿಕಳಿಸಿದ್ದಾಳೆ. ಅವನು ಎಲ್ಲಿ ಕೂತಿದ್ದನೋ ಏನೋ. ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತು ಈ ಕಡ್ಡಿಯ ಬಗ್ಗೆ ಯೋಚಿಸಿದರೆ ಅದು ಪರದೇಶದ ವಿಷಯ ಅಂತ ಅನಿಸುವುದೇ ಇಲ್ಲ. ಮಂತ್ರಕ್ಕೂ ರೂನ್ ಬಳಸಿದ್ದಾರೆ, ಅದು ಸುಳ್ಳಲ್ಲ, ತಾಯಿತದಂಥ ವಸ್ತುಗಳ ಮೇಲೆ ಅವು ಸಿಕ್ಕಿವೆ. ಆದರೆ ಆ ಲಿಪಿಗೆ ದಿನದ ಬದುಕಿತ್ತು, ಸಂತೆಯಿತ್ತು, ಸಂಸಾರವಿತ್ತು. ಕಾದಂಬರಿಗಳು ಮಂತ್ರವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಟ್ಟವು. ನನಗಂತೂ ಬಿಟ್ಟುಹೋದದ್ದೇ ಹೆಚ್ಚು ಚೆಂದ ಕಾಣುತ್ತದೆ.

ಇನ್ನು 'ಅಬ್ರಕಡಬ್ರ'. ಜಾದೂಗಾರರ ಬಾಯಲ್ಲಿ ಕೇಳಿದ್ದೇವೆ, ಮಕ್ಕಳೂ ಹೇಳುತ್ತಾರೆ. ಇದು ಮೊದಲು ಕಾಣುವುದು ರೋಮನ್ನರ ಕಾಲದ ಒಂದು ವೈದ್ಯದ ಪುಸ್ತಕದಲ್ಲಿ. ಸೆರೆನಸ್ ಸ್ಯಾಮೊನಿಕಸ್ ಎಂಬವನು ಪದ್ಯದಲ್ಲಿ ಬರೆದ ಮದ್ದಿನ ಪುಸ್ತಕ ಅದು. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಅವನು ಹೇಳುವ ಉಪಾಯ ಹೀಗಿದೆ. ಈ ಪದವನ್ನು ಒಂದು ಹಾಳೆಯ ಮೇಲೆ ಪೂರ್ತಿ ಬರೆಯಬೇಕು. ಅದರ ಕೆಳಗೆ ಮತ್ತೆ ಬರೆಯಬೇಕು, ಆದರೆ ಕೊನೆಯ ಒಂದು ಅಕ್ಷರ ಬಿಟ್ಟು. ಕೆಳಗೆ ಇನ್ನೊಂದು ಅಕ್ಷರ ಬಿಟ್ಟು. ಹೀಗೆ ಇಳಿಯುತ್ತಾ ಇಳಿಯುತ್ತಾ ಕಡೆಗೆ ಒಂದೇ ಅಕ್ಷರ ಉಳಿಯುತ್ತದೆ, ನೋಡಲು ತಲೆಕೆಳಗಾದ ತ್ರಿಕೋನ. ಅದನ್ನು ದಾರದಲ್ಲಿ ಕುತ್ತಿಗೆಗೆ ಕಟ್ಟಿಕೊಳ್ಳಬೇಕು. ಪದ ಕರಗಿದ ಹಾಗೆ ಜ್ವರವೂ ಕರಗಲಿ ಅನ್ನುವುದು ಆಸೆ.

ಆ ಜ್ವರದ ಲಕ್ಷಣ ನೋಡಿದರೆ ಅದು ಮಲೇರಿಯಾ. ಈ ಮಾತನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೂತು ಹೇಳುವಾಗ ಮನಸ್ಸು ಭಾರವಾಗುತ್ತದೆ. ಯಾಕಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಊರುಗಳನ್ನು ಚಳಿಜ್ವರ ಹಿಂಡಿಹಾಕಿದ್ದನ್ನು ಹಿರಿಯರ ಬಾಯಲ್ಲಿ ಕೇಳಿಕೊಂಡೇ ಬೆಳೆದವರು ನಾವು. ಮಳೆ ಮುಗಿದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿಯುತ್ತಿದ್ದರು, ಗಂಜಿ ಕಾಯಿಸಿ ಕೊಡುವುದಕ್ಕೂ ಒಬ್ಬರು ಇರುತ್ತಿರಲಿಲ್ಲ ಅಂತ ಹೇಳುತ್ತಿದ್ದರು. ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1940ರ ದಶಕದಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದು ಸೊಳ್ಳೆ ಕಡಿಮೆ ಮಾಡುವ ಕೆಲಸ ದೇಶದಲ್ಲಿ ಮೊದಮೊದಲು ನಡೆದ ಕಡೆಗಳಲ್ಲಿ ನಮ್ಮದೂ ಒಂದು. ಅದಕ್ಕೂ ಮುಂಚೆ ಜನ ಏನು ಮಾಡುತ್ತಿದ್ದರು? ಕಷಾಯ ಕುಡಿದರು, ಹರಕೆ ಹೊತ್ತರು, ಮಂತ್ರಿಸಿದ ನೂಲು ಕಟ್ಟಿಕೊಂಡರು, ತಾಯಿತದೊಳಗೆ ಯಂತ್ರ ಬರೆಸಿ ಹಾಕಿಕೊಂಡರು. ಅವರನ್ನು ಮೂಢರು ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಗುರುತು ಹಿಡಿದದ್ದೇ 1897ರಲ್ಲಿ. ಅಲ್ಲಿಯವರೆಗೆ ರೋಮಿನ ತಾಯಿಗೂ ಘಟ್ಟದ ತಾಯಿಗೂ ಮಗುವಿನ ಕುತ್ತಿಗೆಗೆ ಕಟ್ಟಲು ಒಂದು ಗುರುತು ಬೇಕಿತ್ತು. ಇವತ್ತು ಜ್ವರ ಬಂದರೆ ಮಾತ್ರ ಮೊದಲು ರಕ್ತ ಪರೀಕ್ಷೆ ಮಾಡಿಸಿ, ತಾಯಿತ ಏನಿದ್ದರೂ ಆಮೇಲೆ.

ಇನ್ನು ನಕ್ಷತ್ರ. ಐದು ಮೂಲೆಯ ನಕ್ಷತ್ರ ಅಂದರೆ ಸೈತಾನನ ಗುರುತು ಅಂತ ಈಗಿನ ಸಿನಿಮಾಗಳು ಕಲಿಸಿವೆ. ಹಳೆಯ ಕಥೆ ಬೇರೆಯೇ ಇದೆ. ಗ್ರೀಸಿನಲ್ಲಿ ಪೈಥಾಗೊರಸನ ಅನುಯಾಯಿಗಳಿಗೆ ಅದು ಆರೋಗ್ಯದ ಗುರುತು. 14ನೇ ಶತಮಾನದ ಒಂದು ಇಂಗ್ಲಿಷ್ ಕಾವ್ಯದಲ್ಲಿ ಗವೇನ್ ಎಂಬ ವೀರನ ಗುರಾಣಿಯ ಮೇಲೆ ಅದೇ ನಕ್ಷತ್ರ ಇದೆ, ಅಲ್ಲಿ ಅದು ಸದ್ಗುಣದ ಗುರುತು. ತಲೆಕೆಳಗು ಮಾಡಿದರೆ ಕೆಟ್ಟದ್ದು ಅನ್ನುವ ಮಾತನ್ನು ಜೋರಾಗಿ ಹರಡಿದವನು 19ನೇ ಶತಮಾನದ ಫ್ರೆಂಚ್ ಲೇಖಕ ಎಲಿಫಾಸ್ ಲೆವಿ. ನಮ್ಮ ಎಷ್ಟೋ ಹಳೆಯ ಮನೆಗಳ ವಯಸ್ಸು ಅದಕ್ಕಿಂತ ಜಾಸ್ತಿ!

ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದಲ್ಲಿ ಒಂದು ಜಾಗ ಬರುತ್ತದೆ. ಫೌಸ್ಟನ ಕೋಣೆಯ ಹೊಸ್ತಿಲ ಮೇಲೆ ಈ ನಕ್ಷತ್ರ ಬರೆದಿರುತ್ತಾರೆ, ಆದರೆ ಹೊರಗಡೆಯ ಒಂದು ಮೂಲೆಯಲ್ಲಿ ಗೆರೆ ಪೂರ್ತಿ ಕೂಡಿರುವುದಿಲ್ಲ. ಆ ಸಂದಿಯಿಂದ ದೆವ್ವ ನಾಯಿಯ ರೂಪದಲ್ಲಿ ಒಳಗೆ ಬಂದುಬಿಡುತ್ತದೆ. ಒಳಗಡೆಯ ಮೂಲೆ ಸರಿಯಾಗಿ ಕೂಡಿದೆ, ಹಾಗಾಗಿ ಹೊರಗೆ ಹೋಗಲು ಆಗುವುದಿಲ್ಲ. ಕಡೆಗೆ ಇಲಿಯನ್ನು ಕರೆದು ಆ ಮೂಲೆಯನ್ನು ಕಡಿಸುತ್ತದೆ. ಬೆಳಿಗ್ಗೆ ಎದ್ದು ಹೊಸ್ತಿಲು ಬರೆಯುವ ನಮ್ಮ ಹೆಂಗಸರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಗೆರೆ ಕೂಡಬೇಕು, ನಡುವೆ ಬಿಡಬಾರದು ಅಂತ ಅಜ್ಜಿ, ಅಮ್ಮ, ಅತ್ತೆ ಎಲ್ಲರೂ ಹೇಳಿಕೊಟ್ಟಿರುತ್ತಾರೆ.

ಇಂಗ್ಲೆಂಡಿನಲ್ಲಿಯೂ ಇಂಥ ಗೆರೆಗಳಿವೆ. ಹಳೆಯ ಕೊಟ್ಟಿಗೆಗಳ ಕಂಬದ ಮೇಲೆ, ಚರ್ಚಿನ ಬಾಗಿಲ ಹತ್ತಿರ, ಒಲೆಯ ಮೇಲಿನ ತೊಲೆಯ ಮೇಲೆ ಆರು ಎಸಳಿನ ಹೂವನ್ನು ಕೈವಾರದಿಂದ ಕೊರೆದಿರುತ್ತಾರೆ, ಕೆಟ್ಟದ್ದು ಒಳಗೆ ಬರದಿರಲಿ ಅಂತ. 2019ರಲ್ಲಿ ಕ್ರೆಸ್‌ವೆಲ್ ಕ್ರ್ಯಾಗ್ಸ್ ಎಂಬ ಕಡೆ ಗುಹೆಯೊಳಗೆ ಇಂಥ ಕಾವಲು ಗುರುತುಗಳು ನೂರಾರು ಇವೆ ಅನ್ನುವ ಸುದ್ದಿ ಬಂತು. ಅಲ್ಲಿಯವರೆಗೆ ಅವನ್ನು ಯಾರೋ ಸುಮ್ನೆ ಗೀಚಿದ್ದು ಅಂದುಕೊಂಡಿದ್ದರಂತೆ. ನಮ್ಮಲ್ಲಿ ಶಿರಸಿ, ಸಿದ್ದಾಪುರ ಕಡೆ ಹಬ್ಬಕ್ಕೆ ಕೆಮ್ಮಣ್ಣು ಬಳಿದು ಶೇಡಿ ಎಂಬ ಬಿಳಿ ಮಣ್ಣಿನಲ್ಲಿ ಹಸೆಯ ಚಿತ್ತಾರ ಬರೆಯುವ ಕೈಗಳು ಇನ್ನೂ ಇವೆ. ಆ ಎಸಳು, ಆ ಎಳೆ, ಆ ಚೌಕಗಳನ್ನು ಯಾರೂ ಪುಸ್ತಕ ನೋಡಿ ಕಲಿತದ್ದಲ್ಲ.

ಈಗ ಒಂದು ಜಗಳದ ವಿಷಯ. ವೆಗ್ವೀಸಿರ್ ಅಂತ ಒಂದು ಗುರುತಿದೆ. ನಡುವಿನಿಂದ ಎಂಟು ಕಡ್ಡಿ ಹೊರಗೆ ಚಾಚಿ, ಪ್ರತಿಯೊಂದರ ತುದಿಯಲ್ಲೂ ಬೇರೆ ಬೇರೆ ಅಲಂಕಾರ. 'ವೈಕಿಂಗರ ದಿಕ್ಸೂಚಿ' ಅಂತ ಹೆಸರಿಟ್ಟು ಮಾರುತ್ತಾರೆ. ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದೆ ನಾರ್ವೆ ಕಡೆಯಿಂದ ಹಡಗು ಏರಿ ಹೊರಡುತ್ತಿದ್ದ ಜನ. ಗೋಕರ್ಣದ ಬೀಚಿಗೆ ಬರುವವರ ತೋಳಿನ ಮೇಲೆ ಟ್ಯಾಟೂ ಆಗಿ ನಾನೇ ನೋಡಿದ್ದೇನೆ. ಆದರೆ ವೈಕಿಂಗರ ಕಾಲದ ಒಂದೇ ಒಂದು ಕಲ್ಲಿನ ಮೇಲೆ, ಮರದ ಮೇಲೆ, ಲೋಹದ ಮೇಲೆ ಅದು ಸಿಕ್ಕಿಲ್ಲ. ಅದು ಇರುವುದು ಐಸ್‌ಲ್ಯಾಂಡಿನ ಹುಲ್ಡ್ ಎಂಬ ಕೈಬರಹದ ಪುಸ್ತಕದಲ್ಲಿ. ಆ ಪುಸ್ತಕವನ್ನು ಒಟ್ಟು ಮಾಡಿದ ವರ್ಷ 1860. ವೈಕಿಂಗರ ಕಾಲ ಮುಗಿದು ಆಗಲೇ ಎಂಟು ಶತಮಾನ ಆಗಿತ್ತು. ಇದನ್ನು ಇಟ್ಟುಕೊಂಡವನು ಬಿರುಗಾಳಿಯಲ್ಲೂ ದಾರಿ ತಪ್ಪುವುದಿಲ್ಲ ಅಂತ ಅಲ್ಲಿ ಬರೆದಿದೆ. ಸಮುದ್ರಕ್ಕೆ ಹೋಗುವ ಜನರ ಆಸೆ ಅದು, ನನಗೆ ಬಹಳ ಹತ್ತಿರದ್ದು ಅನಿಸುತ್ತದೆ. 1860 ಕೂಡ ಹಳೆಯದೇ ಅಲ್ವಾ? ಅದಕ್ಕೆ ಇನ್ನೂ ಸಾವಿರ ವರ್ಷ ಸೇರಿಸಿ ಮಾರುವುದು ಯಾಕೆ? ಹಾಗೆ ಮಾಡುವಾಗ ಐಸ್‌ಲ್ಯಾಂಡಿನ ಚಳಿಯಲ್ಲಿ ದೀಪದ ಹತ್ತಿರ ಕೂತು ಆ ಪುಸ್ತಕ ಬರೆದವನನ್ನು ಅಳಿಸಿಹಾಕಿದ ಹಾಗಾಗುತ್ತದೆ, ಅದು ಅನ್ಯಾಯ.

ಕೆಲವು ಸಲ ಮೂಲ ಎಲ್ಲಿದೆ ಅಂತ ಬರೆದವರಿಗೇ ತಿಳಿದಿರುವುದಿಲ್ಲ. ಹ್ಯಾರಿ ಪಾಟರ್ ಕಥೆಯಲ್ಲಿ ಬರುವ ತ್ರಿಕೋನ, ವೃತ್ತ, ನಡುವಿನ ಗೆರೆಯ ಗುರುತಿನ ಬಗ್ಗೆ ಅದನ್ನು ಬರೆದ ರೌಲಿಂಗ್ ಟಿವಿಯಲ್ಲಿ ಹೇಳಿದ್ದಾರೆ. ತಾಯಿ ತೀರಿಕೊಂಡ ರಾತ್ರಿ ಅವರು 1975ರ ಒಂದು ಸಿನಿಮಾ ನೋಡುತ್ತಿದ್ದರು. ಕಿಪ್ಲಿಂಗ್ ಕಥೆಯ ಸಿನಿಮಾ, ಅದರಲ್ಲಿ ಫ್ರೀಮೇಸನ್ನರು ಎಂಬ ಗುಟ್ಟಿನ ಸಂಘದವರ ಗುರುತಿಗೆ ದೊಡ್ಡ ಪಾತ್ರವಿದೆ. ಎಷ್ಟೋ ವರ್ಷದ ಮೇಲೆ ಮತ್ತೆ ಅದೇ ಸಿನಿಮಾ ನೋಡಿದಾಗ ತಾವು ಬರೆದ ಚಿಹ್ನೆಗೆ ಅದು ಎಷ್ಟು ಹತ್ತಿರ ಅಂತ ಅವರಿಗೆ ಹೊಳೆಯಿತು.

ಹಾವಿನ ವಿಷಯ ಬಿಟ್ಟರೆ ನಮ್ಮ ಜಿಲ್ಲೆಯವರು ನನ್ನನ್ನು ಬಿಡುವುದಿಲ್ಲ. ತನ್ನ ಬಾಲ ಕಚ್ಚಿದ ಹಾವು ಈಜಿಪ್ಟಿನ ತುತನ್ಖಾಮನ್ ಸಮಾಧಿಯಲ್ಲಿದೆ, ಮೂರು ಸಾವಿರ ವರ್ಷಕ್ಕಿಂತ ಹಳೆಯದು. ಜರ್ಮನ್ ಲೇಖಕ ಮಿಖಾಯೆಲ್ ಎಂಡೆ 1979ರಲ್ಲಿ ಬರೆದ ಕಾದಂಬರಿಯಲ್ಲಿ ಎರಡು ಹಾವು ಒಂದರ ಬಾಲ ಇನ್ನೊಂದು ಕಚ್ಚಿಕೊಂಡ ತಾಯಿತ ಬರುತ್ತದೆ. ಅದನ್ನು ನೋಡಿದ ಕೂಡಲೇ ನಮ್ಮ ಅಶ್ವತ್ಥಕಟ್ಟೆಯ ನಾಗರಕಲ್ಲು ನೆನಪಾಗುತ್ತದೆ. ಅಲ್ಲಿ ಎರಡು ಹಾವು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಹಾವು ಇರುವ ನಾಡಿನಲ್ಲೆಲ್ಲ ಜನ ಹಾವಿಗೆ ಹೆದರಿದ್ದಾರೆ, ಕೈಮುಗಿದಿದ್ದಾರೆ, ಅದನ್ನು ಕಲ್ಲಿನಲ್ಲಿ ಬರೆದಿದ್ದಾರೆ. ಬನವಾಸಿಯ ಮಧುಕೇಶ್ವರ ದೇವಸ್ಥಾನಕ್ಕೆ ಹೋದರೆ ಐದು ಹೆಡೆಯ ನಾಗನ ಕಲ್ಲು ನೋಡಿ. ಕದಂಬರಿಗಿಂತ ಹಳೆಯದು. ಅದರ ಮೇಲೆ ಪ್ರಾಕೃತದಲ್ಲಿ ಒಂದು ಬರಹವಿದೆ. ನಾಗಶ್ರೀ ಎಂಬ ರಾಜಕುಮಾರಿ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ಮಾಡಿಸಿದಳು ಅಂತ. ನಾಗನ ಜೊತೆಗೆ ಕೆರೆ ಬಂದದ್ದು ನೋಡಿ.

ಕನ್ನಡದಲ್ಲಿ ಮಾಯಾಲೋಕದ ಕಥೆ ಬರೆಯುವ ಹುಡುಗ ಹುಡುಗಿಯರು ಈಗ ಇದ್ದಾರೆ, ಅವರು ಬರೆದದ್ದನ್ನು ನಾನು ಆಸೆಯಿಂದ ಓದುತ್ತೇನೆ. ಓದುವಾಗ ಅದೇ ರೂನ್, ಅದೇ ತಲೆಕೆಳಗಾದ ನಕ್ಷತ್ರ ಬಂದರೆ ಬೇಸರವಾಗುತ್ತದೆ. ಶೇಡಿಯ ಎಳೆ ಇದೆ, ನಾಗರಕಲ್ಲಿನ ಹೆಣಿಗೆ ಇದೆ, ದೋಣಿಯ ಮೂತಿಗೆ ಹಚ್ಚುವ ಅರಿಶಿನ ಕುಂಕುಮ ಇದೆ. ಆದರೆ ಒಂದು ಮಾತು. ಇವು ಇನ್ನೂ ಪೂಜೆಯಲ್ಲಿರುವ, ಬಳಕೆಯಲ್ಲಿರುವ ಗುರುತುಗಳು. ಬರೆಯುವ ಮುಂಚೆ ಆ ಹಸೆ ಬರೆಯುವ ಅಮ್ಮನ ಹತ್ತಿರ ಹೋಗಿ ಕೂತು, ಇದನ್ನು ಯಾವಾಗ ಬರೆಯುತ್ತೀರಿ, ಯಾವಾಗ ಬರೆಯಬಾರದು ಅಂತ ಕೇಳಿಕೊಳ್ಳಿ. ಕಥೆಯಲ್ಲಿ ಹಾಕಬಹುದಾ ಅಂತಲೂ ಕೇಳಿ. ಬೇಡ ಅಂದರೆ ಬೇರೆ ಎಳೆ ಹುಡುಕಿ, ಅದನ್ನೂ ಅವರೇ ತೋರಿಸಿಕೊಡುತ್ತಾರೆ.

ನಮಸ್ಕಾರ.